ಬಲೆಗೆ ಬಿದ್ದದ್ದೆಷ್ಟು, ಹೊಲದಲ್ಲಿ ಇರುವುದೆಷ್ಟು?

ಜುಲೈ ತಿಂಗಳಲ್ಲಿ ದಾವಣಗೆರೆಯಿಂದ ಯಾವ ದಾರಿ ಹಿಡಿದರೂ ಎರಡೂ ಬದಿಗೆ ಮೆಕ್ಕೆಜೋಳವೇ. ಮೊಣಕಾಲೆತ್ತರದ ಪೈರಿನ ನಡುವೆ ಕೆಲವು ಹೊಲಗಳಲ್ಲಿ ಒಂದು ಗೂಟ, ಗೂಟಕ್ಕೆ ಪ್ಲಾಸ್ಟಿಕ್ ಆಲಿಕೆ, ಅದರ ಕೆಳಗೆ ಉದ್ದನೆಯ ಪಾಲಿಥಿನ್ ಚೀಲ ಕಾಣುತ್ತದೆ. ಇದು ಮೆಕ್ಕೆಜೋಳ ತಿನ್ನುವ ಲದ್ದಿ ಹುಳುವಿನ ಪತಂಗ ಹಿಡಿಯುವ ಮೋಹಕ ಬಲೆ. ಮುಚ್ಚಳದಡಿ ಸಿಕ್ಕಿಸುವ ಪುಟ್ಟ ರಬ್ಬರ್ ತುಂಡಿಗೆ ಅಂಗಡಿಯಲ್ಲಿ ಲೂರ್ ಅನ್ನುತ್ತಾರೆ. ಹೆಣ್ಣು ಪತಂಗದ ವಾಸನೆಯನ್ನೇ ಹೋಲುವ ರಾಸಾಯನಿಕ ಅದರಲ್ಲಿರುತ್ತದೆ. ರಾತ್ರಿ ಗಂಡು ಪತಂಗ ವಾಸನೆಯ ಜಾಡು ಹಿಡಿದು ಬಂದು ಆಲಿಕೆಯಲ್ಲಿ ಜಾರಿ ಚೀಲಕ್ಕೆ ಬೀಳುತ್ತದೆ. ಬೆಳಿಗ್ಗೆ ಚೀಲ ಬಿಚ್ಚಿ ಎಣಿಸಿದರಾಯಿತು.

ಈ ವಾರ ಚೀಲದಲ್ಲಿ 18 ಪತಂಗ ಸಿಕ್ಕವು ಅಂದುಕೊಳ್ಳಿ. ಮುಂದಿನ ವಾರ ಎರಡೇ ಎರಡು. ಹುಳು ಕಡಿಮೆಯಾಯಿತು, ಔಷಧಿ ದುಡ್ಡು ಉಳಿಯಿತು ಅಂತ ಸಮಾಧಾನ ಪಡಬಹುದಾ? ಆ ವಾರ ಮಳೆ ಹಿಡಿದಿತ್ತಾ, ಗಾಳಿ ಹೇಗಿತ್ತು ಅಂತ ಗೊತ್ತಿಲ್ಲದೆ ಈ ಪ್ರಶ್ನೆಗೆ ಉತ್ತರ ಇಲ್ಲ. ಹವಾಮಾನ ಹುಳುವಿನ ಸಂಖ್ಯೆಯನ್ನು ಬದಲಿಸುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅದೇ ಹವಾಮಾನ ನಮ್ಮ ಎಣಿಕೆಯನ್ನೂ ಬದಲಿಸುತ್ತದೆ ಅನ್ನುವುದನ್ನು ಮಾತ್ರ ನಾವು ಮರೆತುಬಿಡುತ್ತೇವೆ. ಜೀವಿಗಳ ಸಂಖ್ಯೆಗೂ ಪರಿಸರಕ್ಕೂ ಇರುವ ನಂಟನ್ನು ಹುಡುಕುವವರಿಗೆ ಇದಕ್ಕಿಂತ ದೊಡ್ಡ ತಲೆನೋವಿಲ್ಲ.

ಮೊದಲು ಹುಳುವಿನ ಜಾತಕ ನೋಡೋಣ. ಇದು ಫಾಲ್ ಸೈನಿಕ ಹುಳು, ಹಲವರ ಬಾಯಲ್ಲಿ ಲದ್ದಿ ಹುಳು. ತವರು ಅಮೆರಿಕ ಖಂಡ. 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲ ಸಲ ಪತ್ತೆಯಾದದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ, ಮೆಕ್ಕೆಜೋಳದ ಮೇಲೆ. ಮರಿಹುಳುವಿನ ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಒಂದು ಹೆಣ್ಣು ಪತಂಗ ಜೀವಮಾನದಲ್ಲಿ ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಬಿಡಿಬಿಡಿಯಾಗಿ ಅಲ್ಲ, ನೂರು ಇನ್ನೂರರ ಗುಂಪಾಗಿ.

ಕೀಟಕ್ಕೆ ನಮ್ಮ ಹಾಗೆ ಮೈಯೊಳಗೇ ಶಾಖ ಹುಟ್ಟಿಸಿಕೊಂಡು ಕಾಪಾಡಿಕೊಳ್ಳುವ ವ್ಯವಸ್ಥೆ ಇಲ್ಲ. ಹೊರಗಿನ ಶಾಖವೇ ಅದರ ಬೆಳವಣಿಗೆಯ ವೇಗ. ದಕ್ಷಿಣ ಆಫ್ರಿಕದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸುಮಾರು 12.6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಹುಳು ಬೆಳೆಯುವುದಿಲ್ಲ. ದಿನದ ಸರಾಸರಿ ಉಷ್ಣತೆಯಲ್ಲಿ ಅಷ್ಟನ್ನು ಕಳೆದರೆ ಉಳಿಯುವುದು ಅವತ್ತಿನ ಸಂಪಾದನೆ. ಹೀಗೆ ಕೂಡುತ್ತಾ ಹೋಗಿ ಸುಮಾರು 390 ಮುಟ್ಟಿದಾಗ ಮೊಟ್ಟೆ ಪತಂಗವಾಗಿರುತ್ತದೆ. ಸರಾಸರಿ 25 ಡಿಗ್ರಿ ಇದ್ದರೆ ದಿನಕ್ಕೆ 12.4 ಜಮಾ, ಅಂದರೆ 31 ದಿನದ ಮೇಲೆ ಸ್ವಲ್ಪ. 29 ಡಿಗ್ರಿ ಇದ್ದರೆ 24 ದಿನ ಸಾಕು. 22ಕ್ಕೆ ಇಳಿದರೆ 41 ದಿನ ದಾಟುತ್ತದೆ. ನಮ್ಮ ಕಡೆಯ ಮುಂಗಾರು, ಬೇಸಿಗೆ, ಚಳಿಗಾಲ ಹೆಚ್ಚುಕಡಿಮೆ ಈ ಮೂರು ಅಂಕಿಗಳ ಆಸುಪಾಸಿನಲ್ಲೇ ಓಡಾಡುತ್ತವೆ. ಒಂದು ತಲೆಮಾರಿಗೆ ಒಂದು ವಾರ ಉಳಿದರೆ ಏನು ಮಹಾ ಅನ್ನಿಸಬಹುದು. ಒಂದೊಂದು ತಲೆಮಾರಿಗೂ ಹತ್ತಾರು ಪಟ್ಟು ಹೆಚ್ಚುವ ಶಕ್ತಿ ಇರುವ ಜೀವಿಗೆ ಆ ಒಂದು ವಾರ ದೊಡ್ಡ ಲಾಭ.

ಶಾಖದ ಲೆಕ್ಕ ಇಷ್ಟು ನೇರ. ಮಳೆಯದ್ದು ಹಾಗಲ್ಲ. ಪುನರ್ವಸು ಮಳೆ ಜೋರಾಗಿ ಹೊಡೆದರೆ ಸುಳಿಯಲ್ಲಿ ನೀರು ನಿಂತು ಸಣ್ಣ ಮರಿಗಳು ಸಾಯುತ್ತವೆ, ಎಲೆಯ ಮೇಲಿದ್ದವು ತೊಳೆದು ಹೋಗುತ್ತವೆ. ಬಲಿತ ಹುಳು ಸುಳಿಯೊಳಗೆ ಆಳಕ್ಕಿಳಿದು ತನ್ನ ಲದ್ದಿಯನ್ನೇ ಮೇಲೆ ಮುಚ್ಚಿಕೊಂಡು ಕೂತಿರುತ್ತದೆ, ಅದಕ್ಕೆ ಅಷ್ಟು ತೊಂದರೆ ಇಲ್ಲ. ಮಳೆ ನಿಂತ ಮೇಲೂ ವಾರಗಟ್ಟಲೆ ಮೋಡ, ತೇವ ಮುಂದುವರಿದರೆ ಮೆಟಾರೈಝಿಯಂ ರೈಲಿಯಿ ಅನ್ನುವ ಬೂಷ್ಟು ಹರಡುತ್ತದೆ. ನೊಮುರಿಯಾ ಅನ್ನುವ ಹಳೆ ಹೆಸರಿನಿಂದಲೇ ಇದನ್ನು ಬಲ್ಲವರು ಜಾಸ್ತಿ. ಇದು ತಗುಲಿದ ಹುಳು ಎಲೆಗೆ ಅಂಟಿಕೊಂಡು ಸೆಟೆದು ಸಾಯುತ್ತದೆ. ಮೊದಲು ಬೆಳ್ಳಗಾಗಿ ಆಮೇಲೆ ಮಾಸಲು ಹಸಿರಿಗೆ ತಿರುಗುತ್ತದೆ. ಸುಣ್ಣದಲ್ಲಿ ಅದ್ದಿ ತೆಗೆದಂತಿರುವ ಇಂಥ ಹುಳು ಕಂಡರೆ ಖುಷಿಪಡಿ, ಪುಕ್ಕಟೆ ಔಷಧಿ ಕೆಲಸ ಮಾಡುತ್ತಿದೆ.

ಇಷ್ಟು ಮಳೆ ಹುಳುವಿಗೆ ಮಾಡಿದ್ದು. ಎಣಿಕೆಗೆ ಮಾಡುವುದು ಬೇರೆಯೇ. ಸುರಿಯುವ ರಾತ್ರಿ ಗಂಡು ಪತಂಗ ಹಾರಾಡುವುದು ಕಡಿಮೆ. ಚಿತ್ರದುರ್ಗದ ಕಡೆಯ ಮುಂಗಾರಿನ ಗಾಳಿ ನಿಮಗೆ ಗೊತ್ತೇ ಇದೆ, ಸುಮ್ನೆ ಆ ಗುಡ್ಡಗಳ ಮೇಲೆ ಗಾಳಿಗಿರಣಿ ನೆಟ್ಟಿಲ್ಲ. ಅಂಥ ಗಾಳಿಗೆ ಲೂರ್‌ನ ವಾಸನೆಯ ಎಳೆ ಹರಿದು ಚೂರಾಗುತ್ತದೆ, ಜಾಡು ಹಿಡಿಯಲು ಪತಂಗಕ್ಕೆ ಆಗುವುದಿಲ್ಲ. ಲೂರ್ ಹಳೆಯದಾದಷ್ಟೂ ವಾಸನೆ ಕಮ್ಮಿ, ಬಿಸಿಲು ಹೆಚ್ಚಿದ್ದರೆ ಇನ್ನೂ ಬೇಗ ಖಾಲಿ. ಇನ್ನೊಂದು ತಮಾಷೆ ಇದೆ. ಹೊಲದಲ್ಲಿ ನಿಜವಾದ ಹೆಣ್ಣು ಪತಂಗಗಳೇ ತುಂಬಿದ್ದರೆ ರಬ್ಬರ್ ತುಂಡಿನ ಕಡೆ ಬರುವವರು ಯಾರು? ಹುಳು ಅತಿಯಾದಾಗಲೇ ಬಲೆಯ ಪಾಲು ಕುಗ್ಗಬಹುದು. ಇಷ್ಟಕ್ಕೂ ಬಲೆಗೆ ಬೀಳುವುದು ಬರೀ ಗಂಡು. ಮೊಟ್ಟೆ ಇಡುವವಳ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ.

ಹಾಗಾಗಿ ಎರಡು ಪತಂಗ ಅನ್ನುವ ಅಂಕಿಯ ಹಿಂದೆ ಎರಡು ಬೇರೆ ಬೇರೆ ಅಂಕಿ ಅಡಗಿವೆ. ಒಂದು, ಅಲ್ಲಿ ಎಷ್ಟಿವೆ. ಇನ್ನೊಂದು, ಇರುವುದರಲ್ಲಿ ನೂರಕ್ಕೆ ಎಷ್ಟು ನಮ್ಮ ಕೈಗೆ ಸಿಗುತ್ತವೆ. ಮಳೆ ಇವೆರಡರಲ್ಲೂ ಕೈಯಾಡಿಸುತ್ತದೆ. ಬಲೆಯ ಅಂಕಿಯನ್ನು ಮಳೆಯ ಅಂಕಿಯ ಪಕ್ಕ ಇಟ್ಟು ಗೆರೆ ಎಳೆದು, ಮಳೆ ಜಾಸ್ತಿಯಾದರೆ ಹುಳು ಕಡಿಮೆ ಅಂತ ಬರೆದುಬಿಡುವ ವರದಿಗಳು ಬೇಕಾದಷ್ಟಿವೆ. ಆ ಗೆರೆ ಹುಳುವಿನ ಸಾವನ್ನು ತೋರಿಸುತ್ತಿದೆಯೋ ಪತಂಗದ ಸೋಮಾರಿತನವನ್ನೋ ಅಂತ ನನಗಂತೂ ಅನುಮಾನ.

ಇದಕ್ಕೇ ಕೃಷಿ ವಿಜ್ಞಾನಿಗಳು ಬಲೆಯನ್ನು ನೋಡಿ, ಜೊತೆಗೆ ಗಿಡವನ್ನೂ ನೋಡಿ ಅನ್ನುವುದು. ಹೊಲದೊಳಗೆ ಅಂಕುಡೊಂಕಾಗಿ ನಡೆದು ಐದು ಕಡೆ ನಿಂತು, ಒಂದೊಂದು ಕಡೆ 20 ಗಿಡದ ಸುಳಿ ನೋಡಿದರೆ 100 ಗಿಡವಾಯಿತು. ಬಲೆಗೆ ಒಂದು ಪತಂಗ ಬಿದ್ದರೆ ಅಥವಾ 100ಕ್ಕೆ 5 ಗಿಡದಲ್ಲಿ ಹುಳುವಿನ ಗುರುತು ಕಂಡರೆ ಎಚ್ಚೆತ್ತುಕೊಳ್ಳಿ ಅನ್ನುವುದು ಸಲಹೆ. ಅಂಕುಡೊಂಕು ಯಾಕೆ? ಮೊಟ್ಟೆ ಗುಂಪಾಗಿ ಇರುತ್ತದಲ್ವಾ, ಹಾಗಾಗಿ ಹುಳುವೂ ಹೊಲದ ತುಂಬ ಸಮನಾಗಿ ಹರಡಿರುವುದಿಲ್ಲ. ಒಂದು ಮೂಲೆಯಲ್ಲಿ ಸಾಲು ಸಾಲು ಗಿಡ ತೂತಾಗಿದ್ದರೆ ಪಕ್ಕದ ಮೂಲೆ ಹಸಿರಾಗಿ ನಗುತ್ತಿರುತ್ತದೆ. ಬದುವಿನ ಮೇಲೆ ನಿಂತು ಕೈಗೆ ಸಿಕ್ಕ ಹತ್ತು ಗಿಡ ನೋಡಿದವನಿಗೆ ಸೊನ್ನೆಯೂ ಸಿಗಬಹುದು, ಎಂಟೂ ಸಿಗಬಹುದು. ಎಲೆಯ ಗಾಯಕ್ಕೂ ಒಂದು ಮಿತಿ ಇದೆ. ಹುಳು ಸತ್ತು ವಾರವಾದರೂ ತೂತು ಮುಚ್ಚುವುದಿಲ್ಲ. ಸುಳಿ ಬಿಡಿಸಿ ನೋಡಿದರಷ್ಟೇ ಹುಳು ಇದೆಯೋ, ಹಳೆ ಲದ್ದಿ ಮಾತ್ರವೋ ಗೊತ್ತಾಗುವುದು. ಲದ್ದಿ ಹಸಿಯಾಗಿದ್ದರೆ ಯಜಮಾನ ಒಳಗಿದ್ದಾನೆ.

ಹವಾಮಾನ ನಿಜಕ್ಕೂ ಎಷ್ಟರಮಟ್ಟಿಗೆ ಜೀವಿಗಳ ಸಂಖ್ಯೆಯನ್ನು ಆಳುತ್ತದೆ ಅನ್ನುವುದರ ಮೇಲೆ ಒಂದು ಹಳೆ ಜಗಳವೇ ಇದೆ. ಅದರ ನಾಯಕ ಥ್ರಿಪ್ಸ್ ಅನ್ನುವ, ಗಿಡದ ರಸ ಹೀರುವ ಪುಟ್ಟ ಕೀಟ. ಚಳ್ಳಕೆರೆ, ಹಿರಿಯೂರು ಕಡೆ ಈರುಳ್ಳಿ ಬೆಳೆಯುವವರಿಗೆ ಥ್ರಿಪ್ಸ್ ಪರಿಚಯ ಮಾಡಿಕೊಡಬೇಕಿಲ್ಲ. ಮಳೆ ಕೈಕೊಟ್ಟು ಒಣಹವೆ ಬಿದ್ದರೆ ಗರಿಯೆಲ್ಲ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ, ಒಂದು ಹದ ಮಳೆ ಬಿದ್ದರೆ ಅರ್ಧ ತೊಳೆದು ಹೋಗುತ್ತದೆ. ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಕೀಟ ವಿಜ್ಞಾನಿಗಳಾದ ಜೇಮ್ಸ್ ಡೇವಿಡ್ಸನ್ ಮತ್ತು ಹರ್ಬರ್ಟ್ ಆಂಡ್ರೆವಾರ್ತಾ ಇದೇ ಬಳಗದ ಇನ್ನೊಂದು ಜಾತಿಯ ಥ್ರಿಪ್ಸ್ ಎಣಿಸಲು ಕೂತರು. ವಿಧಾನ ಬಹಳ ಸರಳ. ತೋಟದ ಗುಲಾಬಿ ಹೂ ಕಿತ್ತು ತಂದು, ಒಂದೊಂದು ಹೂವಿನಲ್ಲಿ ಎಷ್ಟಿವೆ ಅಂತ ಎಣಿಸುವುದು. 1932ರಲ್ಲಿ ಶುರುವಾದ ಈ ಕೆಲಸ ಹತ್ತಿರ ಹತ್ತಿರ ಏಳು ವರ್ಷ ದಿನಂಪ್ರತಿ ಅನ್ನುವ ಹಾಗೆ ನಡೆಯಿತು. ಆಮೇಲೂ ಏಳು ವರ್ಷ ವಸಂತ ಬಂದಾಗಲೆಲ್ಲ ಎಣಿಸಿದರು. ಗುಲಾಬಿ ಕೀಳುವ ಕೆಲಸವನ್ನು 14 ವರ್ಷ ಬೇಸರವಿಲ್ಲದೆ ಮಾಡಿದರಲ್ಲ, ಆ ತಾಳ್ಮೆಗೇ ಒಂದು ಪದವಿ ಕೊಡಬೇಕು.

1948ರಲ್ಲಿ ಫಲಿತಾಂಶ ಹೊರಬಂತು. ವಸಂತದಲ್ಲಿ ಥ್ರಿಪ್ಸ್ ಏರುವ ಎತ್ತರ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು. ಆ ಬದಲಾವಣೆಯ 78 ಪ್ರತಿಶತವನ್ನು ಹಿಂದಿನ ತಿಂಗಳುಗಳ ಶಾಖ ಮತ್ತು ಮಳೆಯಿಂದಲೇ ವಿವರಿಸಬಹುದಿತ್ತು. ಹವಾಮಾನವೇ ಯಜಮಾನ, ಜೀವಿಗಳ ಒಳಗಿನ ಪೈಪೋಟಿಗೆ ಇಲ್ಲಿ ಕೆಲಸವಿಲ್ಲ ಅಂದರು ಲೇಖಕರು. 1961ರಲ್ಲಿ ಫ್ರೆಡರಿಕ್ ಸ್ಮಿತ್ ಅನ್ನುವವರು ಅದೇ ಅಂಕಿಗಳನ್ನು ಮತ್ತೆ ಕೆದಕಿದರು. ಥ್ರಿಪ್ಸ್ ಈಗಾಗಲೇ ಜಾಸ್ತಿ ಇದ್ದಾಗ ಮುಂದಿನ ಏರಿಕೆ ನಿಧಾನವಾಗುತ್ತಿತ್ತು, ಕಡಿಮೆ ಇದ್ದಾಗ ವೇಗ ಹೆಚ್ಚುತ್ತಿತ್ತು. ಅಂದರೆ ದಟ್ಟಣೆಯೂ ಕೆಲಸ ಮಾಡುತ್ತಿತ್ತು. ಒಂದೇ ಅಂಕಿರಾಶಿ, ಎರಡು ತೀರ್ಪು.

ನಮ್ಮ ಲದ್ದಿ ಹುಳು ಈ ಜಗಳದಲ್ಲಿ ಎರಡೂ ಪಕ್ಷಕ್ಕೆ ಸಾಕ್ಷಿ ಹೇಳುತ್ತದೆ. ಮಳೆ ಅದನ್ನು ಕೊಲ್ಲುತ್ತದೆ, ಶಾಖ ಅದನ್ನು ಓಡಿಸುತ್ತದೆ. ಜೊತೆಗೆ ಅದು ಸ್ವಜಾತಿಯನ್ನೇ ತಿನ್ನುತ್ತದೆ. ಮೊಟ್ಟೆಯೊಡೆದಾಗ ಒಂದೇ ಎಲೆಯ ಮೇಲೆ ನೂರಾರು ಮರಿ. ಕೆಲವು ನೂಲಿಗೆ ಜೋತುಬಿದ್ದು ಗಾಳಿಯಲ್ಲಿ ಪಕ್ಕದ ಗಿಡಕ್ಕೆ ತೇಲುತ್ತವೆ. ಉಳಿದವು ಬೆಳೆದಂತೆ ಒಂದನ್ನೊಂದು ಕಚ್ಚಿ ತಿನ್ನುತ್ತವೆ. ಅದಕ್ಕೇ ಬಲಿತ ಹುಳು ಸಾಮಾನ್ಯವಾಗಿ ಒಂದು ಸುಳಿಗೆ ಒಂದು, ಹೆಚ್ಚೆಂದರೆ ಎರಡು.

ಹುಳುವನ್ನಾದರೂ ಗಿಡ ಬಿಡಿಸಿ ನೋಡಬಹುದು. ಜಿಂಕೆಯಂತೆ ಕಾಣುವ ಕಾಡುಪ್ರಾಣಿ ಕೊಂಡುಕುರಿಯನ್ನು? ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅರಣ್ಯವನ್ನು 2011ರಲ್ಲಿ ಈ ಪ್ರಾಣಿಗಾಗಿಯೇ ವನ್ಯಧಾಮ ಮಾಡಿದರು. ಭಾರತ ಮತ್ತು ನೇಪಾಳ ಬಿಟ್ಟರೆ ಕೊಂಡುಕುರಿ ಬೇರೆಲ್ಲೂ ಇಲ್ಲ. ಗಂಡಿನ ತಲೆಯ ಮೇಲೆ ನಾಲ್ಕು ಕೊಂಬು, ತೂಕ 20 ಕಿಲೋ ಆಸುಪಾಸು, ಹಿಂಡು ಕಟ್ಟದ ಒಂಟಿ ಜೀವ. ಬೇಸಿಗೆಯಲ್ಲಿ ಎಲೆ ಉದುರಿದಾಗ ದೂರದವರೆಗೂ ಕಣ್ಣು ಹಾಯುತ್ತದೆ. ಮಳೆಗಾಲದಲ್ಲಿ ಹುಲ್ಲು ಎದ್ದರೆ ಹತ್ತು ಮಾರು ದೂರದಲ್ಲಿ ಅಲ್ಲಾಡದೆ ನಿಂತಿದ್ದರೂ ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರಿನ ಗುಂಡಿಯ ಪಕ್ಕ ಕ್ಯಾಮೆರಾ ಕಟ್ಟಿದರೆ ಚಿತ್ರಗಳ ಸುರಿಮಳೆ. ಕೊಂಡುಕುರಿ ಹೆಚ್ಚಿದ್ದಲ್ಲ, ನೀರಿರುವ ಜಾಗ ಕಡಿಮೆಯಾಗಿದ್ದು.

ಹುಲಿಯಾದರೆ ಮೈಪಟ್ಟೆ ನೋಡಿ ಇದು ಅದೇ, ಇದು ಬೇರೆ ಅಂತ ಗುರುತಿಸಬಹುದು. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಇಟ್ಟು ಹುಲಿ ಎಣಿಸಿದ್ದು ಆ ಪಟ್ಟೆಗಳ ಬಲದಿಂದ. ಕೊಂಡುಕುರಿಗೆ ಅಂಥ ಗುರುತಿನ ಚೀಟಿ ಇಲ್ಲ. ಹಾಗಾಗಿ ಹಿಕ್ಕೆ ಎಣಿಸುತ್ತಾರೆ. ಈ ಪ್ರಾಣಿಗೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವ ಅಭ್ಯಾಸ, ಗುಡ್ಡೆ ಬೆಳೆಯುತ್ತದೆ. ಲೆಕ್ಕಕ್ಕೆಂದು ಒಂದು ಅಂಕಿ ಇಟ್ಟುಕೊಳ್ಳೋಣ. ಒಂದು ಪ್ರಾಣಿ ದಿನಕ್ಕೆ 8 ಸಲ ಹಿಕ್ಕೆ ಹಾಕುತ್ತದೆ, ಅದು 50 ದಿನ ಹಾಳಾಗದೆ ಉಳಿಯುತ್ತದೆ. ಆಗ ಒಂದು ಪ್ರಾಣಿಯ ಹೆಸರಿನಲ್ಲಿ ಯಾವಾಗಲೂ 400 ಗುರುತು ನೆಲದ ಮೇಲಿರುತ್ತವೆ. ಮಳೆ ಬಂದು, ಸಗಣಿ ಹುಳು ಚುರುಕಾಗಿ, 10 ದಿನಕ್ಕೇ ಕರಗಿದರೆ ಬರೀ 80. ಪ್ರಾಣಿ ಅಷ್ಟೇ ಇದೆ, ಹಿಕ್ಕೆ ಐದರಲ್ಲಿ ಒಂದು ಪಾಲಾಯಿತು. ಹಿಕ್ಕೆ ಎಷ್ಟು ದಿನ ಉಳಿಯುತ್ತದೆ ಅಂತ ಆಯಾ ಕಾಲದಲ್ಲೇ, ಅದೇ ಕಾಡಿನಲ್ಲೇ ಅಳೆಯದೆ ಎಣಿಸಿದರೆ ಉಪಯೋಗವಿಲ್ಲ. ಕಾಡಿನ ಅಂಚಿಗೆ ಮೇಯಲು ಬರುವ ಕುರಿ-ಮೇಕೆಯ ಹಿಕ್ಕೆ ಸೇರಿಕೊಂಡರಂತೂ ಮುಗಿದೇ ಹೋಯಿತು.

ಇನ್ನೊಂದು ದಾರಿ ಇದೆ, ನನಗೆ ಇದು ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಎಷ್ಟಿವೆ ಅಂತ ಕೇಳುವ ಬದಲು ಈ ತುಂಡು ಕಾಡಿನಲ್ಲಿ ಇದೆಯಾ ಇಲ್ಲವಾ ಅಂತ ಕೇಳುವುದು. ಒಂದೇ ಜಾಗಕ್ಕೆ ಹಲವು ಸಲ ಹೋಗುವುದು. ಪ್ರಾಣಿ ಇರುವ ಜಾಗದಲ್ಲೇ ಒಂದು ಭೇಟಿಯಲ್ಲಿ ಅದರ ಸುಳಿವು ಸಿಗುವ ಸಾಧ್ಯತೆ 30 ಪ್ರತಿಶತ ಅಂತಿದ್ದರೆ, ಐದು ಸಲ ಹೋಗಿ ಐದೂ ಸಲ ಬರಿಗೈಯಲ್ಲಿ ಬರುವ ಸಾಧ್ಯತೆ ಇನ್ನೂ 17 ಪ್ರತಿಶತ ಇರುತ್ತದೆ. ಸಿಕ್ಕ ಸಲ, ಸಿಗದ ಸಲ ಎರಡನ್ನೂ ಬರೆದಿಟ್ಟರೆ ಇರುವಿಕೆಯನ್ನೂ ಕಾಣುವಿಕೆಯನ್ನೂ ಗಣಿತ ಬೇರೆ ಬೇರೆ ಮಾಡಿಕೊಡುತ್ತದೆ. ಆಮೇಲೆ ನೀರು, ಹುಲ್ಲು, ಮಳೆ ಯಾವುದರ ಮೇಲೆ ಪ್ರಭಾವ ಬೀರುತ್ತಿವೆ ಅಂತ ಕೇಳಬಹುದು.

ಮೆಕ್ಕೆಜೋಳದ ಬಲೆಗೂ ಇದೇ ಪಾಠ ಅನ್ವಯ. ಪುಸ್ತಕದಲ್ಲಿ ಪತಂಗದ ಸಂಖ್ಯೆಯ ಪಕ್ಕ ಆ ರಾತ್ರಿಯ ಮಳೆ, ಗಾಳಿ, ಲೂರ್ ಬದಲಿಸಿದ ತಾರೀಕು ಇರಲಿ. ಒಂದೂ ಬೀಳದ ದಿನ ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ಪತಂಗ ಬೀಳಲಿಲ್ಲವೋ, ಬಲೆ ನೋಡಲೇ ಇಲ್ಲವೋ ಆಮೇಲೆ ಹೇಳಲಾಗುವುದಿಲ್ಲ. ಬಿತ್ತನೆ ಮಾಡಿದ ದಿನವಂತೂ ಬೇಕೇ ಬೇಕು. ಮುಂಗಾರು ತಡವಾದ ವರ್ಷ ಬಿತ್ತನೆಯೂ ತಡವಾಗುತ್ತದೆ, ಹುಳುವಿಗೆ ಇಷ್ಟವಾದ ಎಳೆ ಸುಳಿ ಆಗಸ್ಟ್‌ಗೆ ಜಾರುತ್ತದೆ. ಹೋದ ವರ್ಷದ ಜುಲೈಯನ್ನು ಈ ವರ್ಷದ ಜುಲೈ ಜೊತೆ ಹೋಲಿಸಿದರೆ ಮಳೆಯ ಪರಿಣಾಮದ ಬದಲು ಬೆಳೆಯ ವಯಸ್ಸಿನ ವ್ಯತ್ಯಾಸವನ್ನು ಅಳೆದಂತಾಗುತ್ತದೆ. ಬಿತ್ತಿದ 20ನೇ ದಿನವನ್ನು ಬಿತ್ತಿದ 20ನೇ ದಿನದ ಜೊತೆಗೇ ಇಟ್ಟು ನೋಡಬೇಕು.