ಬೀಜ ಕಟ್ಟುವ ಮೊದಲೇ ಬೀಳುವ ಕತ್ತಿ

ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತೆ ಅಂತಾರೆ. ತೆಂಗು ಹಿತ್ತಲಲ್ಲೇ ಬೆಳೆಯುತ್ತದೆ. ಇಂಗಿನ ಗಿಡವನ್ನು ಮಾತ್ರ ನಮ್ಮಲ್ಲಿ ಹೆಚ್ಚಿನವರು ಕಂಡೇ ಇಲ್ಲ. ಅದರ ತವರು ಇರಾನ್, ಅಫ್ಘಾನಿಸ್ತಾನದ ಒಣ ಬೆಟ್ಟಗಳು. ಸಂಸ್ಕೃತದಲ್ಲಿ ಇಂಗಿಗೆ ‘ಬಾಹ್ಲೀಕ’ ಅನ್ನೋ ಹೆಸರೂ ಇದೆ. ಅಫ್ಘಾನಿಸ್ತಾನದ ಬಾಲ್ಖ್ ಕಡೆಯದು ಅಂತ ಅರ್ಥ.

ಕ್ಯಾರೆಟ್, ಕೊತ್ತಂಬರಿ, ಜೀರಿಗೆಯ ಕುಟುಂಬದ್ದೇ ಗಿಡ ಇದು. ಫೆರುಲಾ ಅಂತ ಹೆಸರು. ವರ್ಷಕ್ಕೆ 200 ಮಿ.ಮೀ. ಮಳೆ ಬಿದ್ದರೂ ಸಾಕು. ಬುಡದಲ್ಲಿ ನೀರು ನಿಲ್ಲಬಾರದು, ಚಳಿ ಚೆನ್ನಾಗಿ ಬೇಕು. ಮೊದಲ ಕೆಲವು ವರ್ಷ ನೆಲಕ್ಕಂಟಿದ ಎಲೆಗಳಷ್ಟೇ ಕಾಣುತ್ತವೆ. ಗಳಿಸಿದ್ದನ್ನೆಲ್ಲ ದಪ್ಪ ಬೇರಿನಲ್ಲಿ ಕೂಡಿಡುತ್ತದೆ. ಐದಾರು ವರ್ಷವಾದ ಮೇಲೆ ಆಳೆತ್ತರದ ಕಾಂಡ ಎಬ್ಬಿಸಿ, ಒಂದೇ ಒಂದು ಸಲ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ.

ತೊಂದರೆ ಶುರುವಾಗೋದು ಇಲ್ಲೇ. ಇಂಗು ಅಂದರೆ ಬೇರಿನ ಹಾಲು ಗಟ್ಟಿಯಾದದ್ದು. ಅದು ಬೇಕೆಂದರೆ ಹೂ ಬಿಡುವ ಮುಂಚೆಯೇ ಕೈ ಹಾಕಬೇಕು. ಬುಡದ ಮಣ್ಣು ಬಿಡಿಸಿ, ಬೇರಿನ ತಲೆ ಕತ್ತರಿಸಿ, ಬಿಸಿಲು ಬೀಳದಂತೆ ಮುಚ್ಚುತ್ತಾರೆ. ಒಸರಿದ ಹಾಲು ಗಟ್ಟಿಯಾದಾಗ ಕೆರೆದು ತೆಗೆಯುತ್ತಾರೆ. ಆಮೇಲೆ ತೆಳ್ಳಗೆ ಇನ್ನೊಂದು ಬಿಲ್ಲೆ ಕೊಯ್ಯುತ್ತಾರೆ. ಬೇರು ಬತ್ತುವ ತನಕ ಇದೇ ಕೆಲಸ. ಎಂಗೆಲ್‌ಬರ್ಟ್ ಕೆಂಪ್ಫರ್ ಎಂಬ ಜರ್ಮನ್ ವೈದ್ಯ 1680ರ ದಶಕದಲ್ಲಿ ದಕ್ಷಿಣ ಇರಾನಿನಲ್ಲಿ ಇದನ್ನು ಕಣ್ಣಾರೆ ಕಂಡ. 1712ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದೂ ಇಟ್ಟ. ಹೀಗೆ ಬತ್ತಿದ ಗಿಡ ಬೀಜ ಬಿಡೋದಿಲ್ಲ. ಎಲ್ಲ ದೊಡ್ಡ ಗಿಡಗಳನ್ನೂ ಕೊಯ್ದರೆ ಬೆಟ್ಟದಲ್ಲಿ ಮರಿ ಗಿಡ ಎಲ್ಲಿಂದ ಬರಬೇಕು?

ಇಂಥದ್ದೊಂದು ಕಥೆ ಹಿಂದೆಯೂ ನಡೆದಿದೆ. ಇಂದಿನ ಲಿಬಿಯಾದಲ್ಲಿದ್ದ ಸಿರೀನ್ ಪಟ್ಟಣ, ಅಡುಗೆಗೂ ಮದ್ದಿಗೂ ಬೇಕಾಗಿದ್ದ ಸಿಲ್ಫಿಯಂ ಎಂಬ ಗಿಡದಿಂದ ಸಿರಿವಂತವಾಗಿತ್ತು. ನಾಣ್ಯದ ಮೇಲೂ ಅದರದೇ ಚಿತ್ರ. ಇಂಗಿನ ನೆಂಟ ಇರಬೇಕು ಅನ್ನೋ ಊಹೆಗೆ ಆ ಚಿತ್ರವೂ ಒಂದು ಆಧಾರ. ಸಿಲ್ಫಿಯಂ ಕಾಡಿನದೇ ಬೆಳೆ, ಹೊಲಕ್ಕೆ ಒಗ್ಗಲಿಲ್ಲ. ಕ್ರಿ.ಶ. ಮೊದಲನೇ ಶತಮಾನದಲ್ಲಿ ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ: ತನ್ನ ಕಾಲದಲ್ಲಿ ಸಿಕ್ಕಿದ್ದು ಒಂದೇ ಗಿಡ, ಅದನ್ನೂ ನೀರೋ ದೊರೆಗೆ ಕಳಿಸಿದರು. ಕುರಿ ಮೇಯಿಸಿ ಹಾಳು ಮಾಡಿದರು ಅನ್ನೋದು ಅವನ ದೂರು. ರೋಮನ್ನರು ಸಿಲ್ಫಿಯಂ ಬದಲು ಪೂರ್ವದಿಂದ ಬರುತ್ತಿದ್ದ ಇಂಗಿಗೆ ತೃಪ್ತಿಪಟ್ಟರು. ಅವರ ಕಣ್ಣಿಗೆ ಅದು ಎರಡನೇ ದರ್ಜೆಯ ಮಾಲು! ನಮ್ಮ ಸಾರಿಗೆ ಮಾಡಿದ ಅವಮಾನ ಅಲ್ವಾ?

ಭಾರತ ವರ್ಷಕ್ಕೆ ಸುಮಾರು 1200 ಟನ್ ಇಂಗು ತರಿಸಿಕೊಳ್ಳುತ್ತದೆ ಅನ್ನೋದು 2020ರ ಹೊತ್ತಿನ ಲೆಕ್ಕ. ಹಿಮಾಲಯದಲ್ಲಿ ಇದರ ದಾಯಾದಿ ಗಿಡಗಳಿವೆ, ಆದರೆ ಅಡುಗೆಗೆ ಬೇಕಾದ ಇಂಗು ಅವುಗಳಿಂದ ಬರೋದಿಲ್ಲ. ಹಾಗಾಗಿ 2018ರಲ್ಲಿ ಇರಾನಿನಿಂದ ಬೀಜ ತರಿಸಿದರು. ಹಿಮಾಚಲ ಪ್ರದೇಶದ ಪಾಲಂಪುರದಲ್ಲಿರುವ ಐ.ಎಚ್.ಬಿ.ಟಿ. ಎಂಬ ಸಂಶೋಧನಾ ಸಂಸ್ಥೆಯಲ್ಲಿ ಮೊಳೆಸಲು ನೋಡಿದರೆ ನೂರಕ್ಕೆ ಒಂದೆರಡು ಬೀಜ ಮಾತ್ರ ಎದ್ದವು. 2020ರ ಅಕ್ಟೋಬರ್ 15ರಂದು ಅದೇ ರಾಜ್ಯದ ಲಾಹೌಲ್ ಕಣಿವೆಯ ಕ್ವಾರಿಂಗ್ ಹಳ್ಳಿಯಲ್ಲಿ ಮೊದಲ ಸಸಿ ನೆಟ್ಟರು. ಅದು ಇರಾನಿನ ಬೆಟ್ಟಗಳಂತೆಯೇ ಒಣ, ಚಳಿಯ ಜಾಗ.

2025ರಲ್ಲಿ, ಲಾಹೌಲ್‌ಗಿಂತ ಎಷ್ಟೋ ತಗ್ಗಿನಲ್ಲಿರುವ ಪಾಲಂಪುರದಲ್ಲೇ ಗಿಡ ಹೂ ಬಿಟ್ಟು ಬೀಜ ಕಟ್ಟಿತು. ಒಗ್ಗರಣೆಗೆ ಅದರಿಂದ ಏನೂ ಸಿಗಲಿಲ್ಲ. ಆದರೆ ಮುಂದಿನ ಸಸಿಗಳಿಗೆ ಇರಾನಿನ ಕಡೆ ನೋಡುವುದು ತಪ್ಪಬಹುದು.