ನಿಲ್ಲಿಸಬಾರದ ಸ್ಟೆರಾಯ್ಡ್

ಡೊಂಬಿವಲಿಯಿಂದಲೋ ಠಾಣೆಯಿಂದಲೋ ಲೋಕಲ್ ಹಿಡಿದು ಮೊಮ್ಮಗುವಿನೊಂದಿಗೆ ಪರೇಲಿನ ಆಸ್ಪತ್ರೆಗಳಿಗೆ ಬರುವ ನಮ್ಮ ಅಜ್ಜಿಯರಿಗೆ ‘ಸ್ಟೆರಾಯ್ಡ್’ ಎಂದರೆ ಬೈಗುಳ ಕೇಳಿದ ಹಾಗೆ. ಅವರ ಅಂಜಿಕೆ ಸುಳ್ಳಲ್ಲ. ದಮ್ಮಿಗೆ, ಕೀಲುನೋವಿಗೆ ಅದನ್ನು ನುಂಗಿ ಮುಖ ಊದಿಸಿಕೊಂಡವರು ಪ್ರತಿ ಚಾಳಿನಲ್ಲೂ ಇದ್ದಾರೆ. ಆದರೆ ಸಿಎಎಚ್ (ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ) ಎಂಬ ಹುಟ್ಟುಕಾಯಿಲೆಯಲ್ಲಿ ಲೆಕ್ಕವೇ ಬೇರೆ. ಮೈ ತಾನೇ ಮಾಡಿಕೊಳ್ಳಬೇಕಿದ್ದ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಲ್ಲಿ ಹೊರಗಿನಿಂದ ತುಂಬಿಕೊಡುತ್ತಾರೆ, ಅಷ್ಟೇ.

ಮೂತ್ರಪಿಂಡದ ತಲೆಯ ಮೇಲೆ ಟೋಪಿಯಂತೆ ಕೂತದ್ದು ಅಡ್ರಿನಲ್ ಗ್ರಂಥಿ. ಕಾರ್ಟಿಸಾಲ್ ತಯಾರಾಗುವುದು ಅಲ್ಲೇ, ಕಿಣ್ವಗಳ ನೆರವಿನಿಂದ. ಈ ರೋಗಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ 21-ಹೈಡ್ರಾಕ್ಸಿಲೇಸ್ ಕಿಣ್ವದ್ದೇ ಕೊರತೆ. ಕಾರ್ಟಿಸಾಲ್ ಬರಲಿಲ್ಲವೆಂದು ಮಿದುಳಿನಡಿಯ ಪಿಟ್ಯುಟರಿ ಗ್ರಂಥಿ ಚಾಟಿ ಬೀಸುತ್ತಲೇ ಇರುತ್ತದೆ. ಅಡ್ರಿನಲ್ ಹಿಗ್ಗುತ್ತದೆ, ಕಚ್ಚಾಮಾಲೆಲ್ಲ ಗಂಡು ಹಾರ್ಮೋನಿನ ಕಡೆ ಹರಿಯುತ್ತದೆ. ಹೆಣ್ಣುಕೂಸಿನ ಜನನಾಂಗ ಗಂಡಿನದರಂತೆ ಕಾಣುತ್ತದೆ. ತೀವ್ರ ಬಗೆಯಲ್ಲಿ ಉಪ್ಪು ಮೂತ್ರದಲ್ಲಿ ಸೋರಿಹೋಗಿ, ಒಂದೆರಡು ವಾರದಲ್ಲೇ ವಾಂತಿ ಶುರುವಾಗಿ ಜೀವಕ್ಕೇ ಕುತ್ತು ಬರುತ್ತದೆ. ಗಂಡುಕೂಸಿಗೆ ಹೊರಗೆ ಗುರುತೇ ಇರುವುದಿಲ್ಲ. ‘ಹಾಲು ಒಗ್ಗಲಿಲ್ಲ’ ಎನ್ನುವಷ್ಟರಲ್ಲಿ ಕೈಮೀರಿರುತ್ತದೆ.

1865ರಲ್ಲಿ ನೇಪಲ್ಸ್‌ನ ಲುಯಿಜಿ ಡಿ ಕ್ರೆಕ್ಕಿಯೊ ಎಂಬ ವೈದ್ಯ ಒಂದು ಶವಪರೀಕ್ಷೆಯನ್ನು ದಾಖಲಿಸಿದ. ಗಂಡಸಾಗಿಯೇ ಬಾಳಿದ್ದವನ ಹೊಟ್ಟೆಯಲ್ಲಿ ಗರ್ಭಕೋಶ, ಅಂಡಾಶಯ, ಭಾರೀ ಅಡ್ರಿನಲ್ ಗ್ರಂಥಿಗಳು! ಮದ್ದಿಗೆ ಮಾತ್ರ 85 ವರ್ಷ ಕಾಯಬೇಕಾಯಿತು. ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ 1948ರಲ್ಲಿ ಸಂಧಿವಾತದ ಮೇಲೆ ಪವಾಡ ತೋರಿಸಿತ್ತು. 1950ರಲ್ಲಿ ಬಾಲ್ಟಿಮೋರ್‌ನ ಲಾಸನ್ ವಿಲ್ಕಿನ್ಸ್ ಅದನ್ನು ಸಿಎಎಚ್‌ಗೆ ಕೊಟ್ಟರು. ಬಾಸ್ಟನ್ನಿನಲ್ಲಿ ಫ್ರೆಡರಿಕ್ ಬಾರ್ಟರ್ ಕೂಡ. ಕೊರತೆ ತುಂಬಿತು, ಚಾಟಿಯೂ ನಿಂತಿತು. ಅದೇ ದಶಕದಲ್ಲಿ ಉಪ್ಪು ಹಿಡಿದಿಡುವ ಫ್ಲುಡ್ರೊಕಾರ್ಟಿಸೋನ್ ಬಂತು. ಅದಕ್ಕೆ ಮುಂಚೆ ಹಾರ್ಮೋನಿನ ಗುಳಿಗೆಯನ್ನು ಚರ್ಮದಡಿ ಹೂಳುತ್ತಿದ್ದರು.

ಬೆಳೆಯುವ ಮಕ್ಕಳಿಗೆ ಇಂದಿಗೂ ಹೈಡ್ರೊಕಾರ್ಟಿಸೋನೇ (ಮದ್ದಿನ ರೂಪದ ಕಾರ್ಟಿಸಾಲ್) ಮೊದಲ ಆಯ್ಕೆ, ದಿನಕ್ಕೆ ಮೂರು ಸಲ. ಹೆಚ್ಚಾದರೆ ಬೆಳವಣಿಗೆ ಕುಂಠಿತ. ಕಡಿಮೆಯಾದರೆ ಮಗು ಬೇಗ ಎತ್ತರವಾಗಿ, ಎಲುಬು ಬೇಗ ಬೆಸೆದುಕೊಂಡು, ಕೊನೆಗೆ ಕುಳ್ಳಾಗಿಯೇ ಉಳಿಯುತ್ತದೆ. 2024ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿದ ಕ್ರೈನೆಸರ್ಫಾಂಟ್ ಎಂಬ ಮದ್ದು ಸ್ಟೆರಾಯ್ಡಿನ ಪ್ರಮಾಣ ಇಳಿಸಲು ನೆರವಾಗುತ್ತದೆ, ಅದರ ಜಾಗ ತುಂಬುವುದಿಲ್ಲ.

ನನ್ನ ಲೆಕ್ಕದಲ್ಲಿ ನಾವು ಎಡವುತ್ತಿರುವುದು ಮದ್ದಿನಲ್ಲಲ್ಲ, ಹುಡುಕುವುದರಲ್ಲಿ. ಹಿಮ್ಮಡಿಯ ಒಂದು ಹನಿ ಒಣರಕ್ತದಲ್ಲಿ ರೋಗ ಹಿಡಿಯುವ ವಿಧಾನ 1977ರಿಂದಲೇ ಇದೆ. ಮುಂಬಯಿಯೂ ಸೇರಿದಂತೆ 5 ನಗರಗಳಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 1 ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು 5,762ಕ್ಕೆ ಒಂದರಲ್ಲಿ ಸಿಎಎಚ್ ಸಿಕ್ಕಿತು. ತಂದೆತಾಯಿ ಇಬ್ಬರೂ ದೋಷಪೂರಿತ ಜೀನ್ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ಪದ್ಧತಿ ಅಂಥ ಇಬ್ಬರನ್ನು ಒಂದೇ ಸೂರಿನಡಿ ಕೂಡಿಸುವ ಸಾಧ್ಯತೆ ಹೆಚ್ಚು. ಊರು ಬಿಟ್ಟು ಬಂದರೂ ಸಂಬಂಧ ಊರಿನದೇ ಅಲ್ಲವೇ?

ಸಿಎಎಚ್ ಇರುವ ಮಗುವಿಗೆ ಜ್ವರ ಬಂದರೆ ಸ್ಟೆರಾಯ್ಡ್ ಮಾತ್ರೆ ಎರಡು-ಮೂರು ಪಟ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್. ರಜೆಗೆ ಊರಿಗೆ ಮತ್ಸ್ಯಗಂಧ ರೈಲು ಹತ್ತುವ ಕುಟುಂಬದ ಚೀಲದಲ್ಲಿ ಅದರ ಸೀಸೆ, ಜೊತೆಗೆ ವೈದ್ಯರ ಚೀಟಿ ಇರಬೇಕು. ಚೀಟಿ ಇಂಗ್ಲಿಷಿನಲ್ಲಷ್ಟೇ ಅಲ್ಲ, ಕನ್ನಡದಲ್ಲೂ ಇರಲಿ: ಊರಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂರುವವಳು ಅಜ್ಜಿಯೇ.