ಒಂದೇ ತತ್ತಿಯಲ್ಲಿ ಎರಡು ಹಳದಿ

ಬಳ್ಳಾರಿ, ಕೊಪ್ಪಳ ಕಡೆಯ ಕೋಳಿ ಫಾರಂಗಳಲ್ಲಿ ತತ್ತಿ ಆರಿಸುವವರಿಗೆ ಡಬಲ್ ತತ್ತಿ ಕೈಗೆ ಬಂದ ಕೂಡಲೇ ಗೊತ್ತಾಗುತ್ತದೆ. ಮಾಮೂಲಿ ತತ್ತಿ 50-60 ಗ್ರಾಂ ತೂಗಿದರೆ ಇದು 75-80ಕ್ಕೂ ಹೋಗುತ್ತದೆ. 30ರ ಟ್ರೇಯ ಗುಳಿಯಲ್ಲಿ ಕೂರದೆ ತಲೆ ಎತ್ತಿ ನಿಲ್ಲುತ್ತದೆ. ಮೇಲೊಂದು ಟ್ರೇ ಇಟ್ಟರೆ ಮೊದಲು ಬಿರಿಯುವುದೂ ಅದೇ. ಇಂಜೆಕ್ಷನ್ ಕೊಟ್ಟು ಹೀಗೆ ಮಾಡುತ್ತಾರೆಂದು ಸಂತೆಯಲ್ಲಿ ಮಾತಾಡುವವರಿದ್ದಾರೆ. ಇಂಜೆಕ್ಷನ್ನೂ ಬೇಡ, ಏನೂ ಬೇಡ. ಕೋಳಿಯ ಹೊಟ್ಟೆಯೊಳಗೆ ಹಳದಿಗಳ ಪಾಳಿ ತಪ್ಪಿದರೆ ಸಾಕು.

ಹೇಂಟೆಗೆ ಎಡಗಡೆಯ ಅಂಡಾಶಯ ಮಾತ್ರ ಕೆಲಸ ಮಾಡುತ್ತದೆ. ತತ್ತಿ ಇಡುತ್ತಿರುವ ಕೋಳಿಯನ್ನು ಕೊಯ್ದು ಹಸನು ಮಾಡಿದವರು ಅದನ್ನು ನೋಡಿಯೇ ಇರುತ್ತಾರೆ: ದ್ರಾಕ್ಷಿ ಗೊಂಚಲಿನಂತೆ, ಸಾಸಿವೆಯಷ್ಟು ಸಣ್ಣವು, ಕಡಲೆಯಷ್ಟಾದವು, ಬಲಿತ ನಾಲ್ಕೈದು ದೊಡ್ಡ ಹಳದಿಗಳು. ದೊಡ್ಡವು ಒಂದೇ ಗಾತ್ರದವಲ್ಲ, ಒಂದರ ಹಿಂದೊಂದು ಪಾಳಿ ಹಚ್ಚಿರುತ್ತವೆ. ಎಲ್ಲಕ್ಕಿಂತ ಬಲಿತದ್ದು ಕಳಚುತ್ತದೆ, ತತ್ತಿನಾಳದ ಆಲಿಕೆಯಂಥ ಬಾಯಿ ಅದನ್ನು ನುಂಗುತ್ತದೆ. ಅಲ್ಲಿ ಕಾಲು ತಾಸು, ಬಿಳಿ ಲೋಳೆ ಸುತ್ತಿಕೊಳ್ಳಲು ಮೂರು ತಾಸು, ಪೊರೆಗೆ ಒಂದೂಕಾಲು ತಾಸು, ಚಿಪ್ಪು ಕಟ್ಟಲು ಸುಮಾರು 20 ತಾಸು. ತತ್ತಿ ಹೊರಬಿದ್ದು ಅರ್ಧ ತಾಸಿಗೆ ಮುಂದಿನ ಹಳದಿ ಕಳಚಬೇಕು. ಹಾಗಾಗದೆ ಎರಡು ಒಟ್ಟಿಗೇ ಬಲಿತು, ಒಮ್ಮೆಗೇ ಇಲ್ಲವೇ ಸ್ವಲ್ಪ ಹೊತ್ತಿನ ಅಂತರದಲ್ಲಿ ಕಳಚಿದರೆ ನಾಳ ಎಣಿಸುತ್ತ ಕೂರುವುದಿಲ್ಲ. ಎರಡಕ್ಕೂ ಸೇರಿ ಒಂದೇ ಲೋಳೆ, ಒಂದೇ ಚಿಪ್ಪು.

ಸಾಮಾನ್ಯವಾಗಿ ಇದು ಸಾವಿರಕ್ಕೊಂದು. ಹೊಸದಾಗಿ ತತ್ತಿಗೆ ಬಂದ ಹಿಂಡಿನಲ್ಲಿ ಮಾತ್ರ ಹೆಚ್ಚು, ಏಕೆಂದರೆ ಹಾರ್ಮೋನುಗಳು ಇನ್ನೂ ಹದಕ್ಕೆ ಬಂದಿರುವುದಿಲ್ಲ. ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಮೊದಲು ಬಲ್ಬಿನ ಕಡೆ ನೋಡಿ. ಬೆಳಕಿನ ಅವಧಿ ಹೆಚ್ಚಿದರೆ ಅಂಡಾಶಯ ಚುರುಕಾಗುತ್ತದೆ. ತೂಕ ಬರುವ ಮೊದಲೇ ರಾತ್ರಿ ದೀಪ ಉರಿಸಿದರೂ, ಮೇವು ಮಿತಿಮೀರಿ ಕೊಟ್ಟರೂ ಬೇಕಾದ್ದಕ್ಕಿಂತ ಹೆಚ್ಚು ಹಳದಿಗಳು ಒಟ್ಟಿಗೆ ಬಲಿಯುತ್ತವೆ. ಮೇವಿನ ಈ ತಪ್ಪಿಗೆ ಹೆಚ್ಚು ಪೆಟ್ಟು ತಿನ್ನುವುದು ಬ್ರಾಯ್ಲರ್ ಮರಿಗಾಗಿ ಸಾಕುವ ಭಾರದ ತಾಯಿಕೋಳಿ. ತತ್ತಿಗಾಗಿಯೇ ಸಾಕುವ ಬಿಳಿ ಲೇಯರ್ ತಳಿಗಳಾದರೆ 18 ವಾರದ ಆಸುಪಾಸು, ಒಂದೂಕಾಲು ಕಿಲೋದ ಹತ್ತಿರ ಬಂದ ಮೇಲೆ, ದಿನದ ಬೆಳಕನ್ನು ವಾರಕ್ಕೆ ಅರ್ಧ ತಾಸಿನಂತೆ 16 ತಾಸಿನವರೆಗೆ ಏರಿಸಿದರೆ ಸಾಕು. ನಮ್ಮ ಕಡೆ ಚಳಿಗಾಲದಲ್ಲಿ 11 ತಾಸಿನ ಚಿಲ್ಲರೆ ಇರುವ ಹಗಲು ಜೂನಿಗೆ 13ಕ್ಕೆ ಮುಟ್ಟುತ್ತದೆ. ಡಿಸೆಂಬರ್-ಜನವರಿಯಲ್ಲಿ ತಂದ ಮರಿಗಳು ಏರುವ ಹಗಲಿನಲ್ಲೇ ಬೆಳೆಯುವುದರಿಂದ ಬೇಗ ತತ್ತಿಗೆ ಬರುತ್ತವೆ. ಅವುಗಳಿಗೆ ದೀಪದ ಅವಸರ ಮಾಡಲೇಬಾರದು.

ಡಬಲ್ ತತ್ತಿ ಸಿಕ್ಕರೆ ಖುಷಿಪಡುವವರುಂಟು. ಆದರೆ ಸಣ್ಣ ಮೈಯ ಹೇಂಟೆಗೆ ಅದು ಜೀವಕ್ಕೆ ಕುತ್ತು. ತಿಣುಕಿ ತಿಣುಕಿ ಹಿಂಭಾಗದಿಂದ ಕೆಂಪು ಮಾಂಸ ಹೊರಚಾಚುತ್ತದೆ. ಅದನ್ನು ಕಂಡ ಉಳಿದ ಕೋಳಿಗಳು ಕುಕ್ಕಿ ಕುಕ್ಕಿ ಕೊಲ್ಲುತ್ತವೆ. ಅಂಥದ್ದನ್ನು ತಕ್ಷಣ ಬೇರೆ ಕೂಡಿಹಾಕಿ. ಇನ್ನು ಚಿಪ್ಪು: ಹೆಚ್ಚು ಕಡಿಮೆ ಅಷ್ಟೇ ಸುಣ್ಣ ದೊಡ್ಡ ಮೈಗೆ ಹರಡಬೇಕಾಗಿ ತೆಳುವಾಗುತ್ತದೆ. ರಾಯಚೂರಿನ 40 ಡಿಗ್ರಿ ದಾಟುವ ಬಿಸಿಲಲ್ಲಿ ಕೋಳಿ ಮೇವು ಬಿಟ್ಟು ತೇಕುತ್ತಿದ್ದರೆ ಇನ್ನೂ ತೆಳು.

ಕಾವಿಗೆ ಇಡುವವರು ಕತ್ತಲೆ ಕೋಣೆಯಲ್ಲಿ ತತ್ತಿಯ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಒತ್ತಿ ಹಿಡಿದು ಮೆಲ್ಲಗೆ ತಿರುಗಿಸಲಿ. ಎರಡು ನೆರಳು ಕಂಡರೆ ತೆಗೆದಿಡಿ. ಎರಡು ಮರಿಗೆ ಅದರೊಳಗೆ ಜಾಗವೂ ಸಾಲದು, ಗಾಳಿಯೂ ಸಾಲದು. ಬಹುತೇಕ ಒಳಗೇ ಸಾಯುತ್ತವೆ. ತಿನ್ನಲು ಮಾತ್ರ ಯಾವ ತಕರಾರೂ ಇಲ್ಲ, ಕುದಿಸುವಾಗ ಒಂದೆರಡು ನಿಮಿಷ ಹೆಚ್ಚು ಬಿಡಿ.